ಬಾಯಿಗೆ ಬೀಳದ ನೀರು

ಅಚ್ಯುತನ್ ಮೊದಲ ಸಲ ಲೀಲಳನ್ನು ಮುಟ್ಟಿದ್ದು, ಅವಳ ಕೈಯಲ್ಲಿದ್ದ ನೀರಿನ ಲೋಟವನ್ನು ತಳ್ಳುವುದಕ್ಕೆ.

ಕಲ್ಲೂರಿನ ಕೊಯ್ದ ಗದ್ದೆಯಲ್ಲಿ ಜೀಪು ಓಟದ ಪಂದ್ಯ. ಮುತ್ತಂಗ ಕಾಡಿನಲ್ಲಿ ಜನ ಭೂಮಿ ಕೇಳಿ ಗುಡಿಸಲು ಹಾಕಿ ಕೂತಿದ್ದ ವರ್ಷ ಅದು. ಲೀಲಳ ಅಣ್ಣ ಮೋಹನನ ಜೀಪು ಬದುವಿಗೆ ಬಡಿದು ಮೂರು ಉರುಳು ಉರುಳಿತು.

ಲೀಲ ಓಡಿ ಬಂದಳು. ಅಣ್ಣನ ಹೆಲ್ಮೆಟ್ ಎಳೆದು ತೆಗೆದಳು, ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಯಾರೋ ನೀರು ಕೊಟ್ಟರು.

"ವೇಂಡ, ಬೇಡ! ಅಲುಗಿಸಬೇಡ, ಕುಡಿಸಬೇಡ!" ಹಿಂದಿನ ಜೀಪಿನಿಂದ ಹಾರಿ ಬಂದ ಅಚ್ಯುತನ್ ಲೋಟ ತಳ್ಳಿದ. ನೀರು ಮಣ್ಣಿಗೆ ಬಿತ್ತು.

ಮುತ್ತಂಗದ ಗಲಾಟೆಯಿಂದ ರಸ್ತೆಯುದ್ದಕ್ಕೂ ಪೊಲೀಸ್ ತಪಾಸಣೆ. ಬತ್ತೇರಿ ಆಸ್ಪತ್ರೆಯಿಂದ ವ್ಯಾನ್ ಬರುವಷ್ಟರಲ್ಲಿ ಮೋಹನ ಇರಲಿಲ್ಲ.

ಹೋಗುವವರ ಬಾಯಿಗೆ ನೀರು ಬಿಡದಿದ್ದರೆ ಅವರಿಗೆ ಮೇಲೂ ದಾಹ ಎಂದು ನಂಬಿದ ಮನೆ ಅದು. 'ಅಣ್ಣ ಬಾಯಾರಿ ಹೋದ... ಇವನಿಂದ.' ಲೀಲ ಅದನ್ನೇ ನುಂಗಿಕೊಂಡು ಬದುಕಿದಳು. ಊರೂ ಅವನ ಮುಖಕ್ಕೇ ಉಗಿಯಿತು.

ಅವನು ಒಂದಕ್ಕೂ ಉತ್ತರ ಕೊಡಲಿಲ್ಲ. ಓಟ ಬಿಟ್ಟ. ಮೋಹನನಿಲ್ಲದ ಗದ್ದೆಗೆ ತಾನೇ ಬಂದು ಉತ್ತ, ನಾಟಿಗೆ ನಿಂತ.

"ಉಣ್ಣಕ್ಕೆ ಬಾ ಮಗಾ," ಎಂದು ಲೀಲಳ ತಾಯಿ ಪುಟ್ಟಗೌರಮ್ಮ ಅವನನ್ನು ಕರೆಯುತ್ತಿದ್ದಳು. ಲೀಲ ಅನ್ನ ಬಡಿಸುತ್ತಿದ್ದಳು, ನೀರು ಮಾತ್ರ ಇಡುತ್ತಿರಲಿಲ್ಲ. ಅವನು ಉಂಡು, ಗದ್ದೆ ಪಕ್ಕ ಹರಿಯುವ ತೋಡಿಗೆ ಹೋಗಿ ಬೊಗಸೆಯಲ್ಲಿ ಕುಡಿಯುತ್ತಿದ್ದ.

ಅವನ ಜೀಪಿನ ಸದ್ದಿಗೆ ತನ್ನ ಕಿವಿ ಕಾಯತೊಡಗಿದ್ದು ತಿಳಿದಾಗ ಅವಳಿಗೆ ತನ್ನ ಮೇಲೇ ಅಸಹ್ಯವಾಯಿತು. 'ಇವನನ್ನೇ ಕಾಯಬೇಕಿತ್ತಾ ನಾನು...'

ಮರುವರ್ಷ ಮತ್ತೆ ಓಟವೆಂದರು. ನರ್ಸ್ ನಿಲ್ಲದೆ, ವ್ಯಾನ್ ಬಾರದೆ ಒಂದು ಜೀಪೂ ಬಿಡಕೂಡದೆಂದು ಅಚ್ಯುತನ್ ಹಟ ಹಿಡಿದ. ಬತ್ತೇರಿ ಆಸ್ಪತ್ರೆಯ ನರ್ಸ್ ಕಾರ್ತ್ಯಾಯನಿ ಸಿಸ್ಟರನ್ನು ಕರೆಸಿ, ಶಾಲೆಯ ಜಗುಲಿಯಲ್ಲಿ ಊರವರಿಗೆ ಪಾಠ ಹೇಳಿಸಿದ. ತಪ್ಪು ಹುಡುಕಲೆಂದೇ ಲೀಲ ಹೋದಳು.

"ಹೆಲ್ಮೆಟ್ ಎಳೀಬೇಡಿ. ತಲೆ ಎತ್ತಬೇಡಿ. ಕತ್ತು ಮುರಿದಿದ್ರೆ ಸ್ವಲ್ಪ ಅಲುಗಿದ್ರೂ ಜೀವ ಹೋಗಬಹುದು. ನೀರು ಬಿಟ್ರೆ ಉಸಿರಿಗೆ ಹೋಗುತ್ತೆ," ಎಂದರು ಸಿಸ್ಟರ್.

"ಹಂಗಾದ್ರೆ ಸಾಯೋನಿಗೆ ಏನು ಕೊಡೋದು ಸಿಸ್ಟರೇ, ಬೀಡಿನಾ?" ಮುದುಕ ಬಸವಯ್ಯ ಕೇಳಿದ.

"ಸಾಯ್ತಾನೆ ಅಂತ ನೀವೇ ತೀರ್ಮಾನ ಮಾಡಬೇಡಿ ಚೇಟ್ಟಾ."

ಎಲ್ಲರೂ ನಕ್ಕರು. ಲೀಲ ತನ್ನ ಎರಡು ಕೈಗಳನ್ನು ನೋಡಿಕೊಂಡಳು. ಹೆಲ್ಮೆಟ್ ಎಳೆದದ್ದು ಇವೇ.

ಶಾಲೆಯ ಹಿಂದೆ ಅಚ್ಯುತನ್ ಜೀಪೊಂದರ ಸೀಟ್ ಬೆಲ್ಟ್ ಬಿಗಿಯುತ್ತಿದ್ದ. ಲೀಲ ಅವನೆದುರು ಹೋಗಿ ನಿಂತಳು.

"ಅವತ್ತೇ ಗೊತ್ತಿತ್ತಾ ನಿಮಗೆ?"

"ಗೊತ್ತಿತ್ತು."

"ಊರೆಲ್ಲ ಉಗೀತು. ನಾನೂ ಉಗಿದೆ. ಬಾಯಿ ಬಿಡಲಿಲ್ಲ ಯಾಕೆ?"

"ಬಿಟ್ಟಿದ್ರೆ ಆ ಮಾತೆಲ್ಲ ನಿನ್ನ ಮೇಲೆ ಬೀಳ್ತಿತ್ತು."

"ನಾನೇ ಕೊಂದೆನಾ... ಅಣ್ಣನ್ನ?"

ಅವನು ಬೆಲ್ಟ್ ಬಿಟ್ಟು ಅವಳತ್ತ ತಿರುಗಿದ. "ಗೊತ್ತಿಲ್ಲ ಲೀಲ. ಉರುಳಿದಾಗಲೇ ಮುಗಿದಿತ್ತೋ ಏನೋ. ಡಾಕ್ಟರನ್ನೂ ಕೇಳಿದೆ. ಅವರೂ ಹೇಳಕ್ಕಾಗಲ್ಲ ಅಂದ್ರು."

"ಇಲ್ಲ ಅಂತ ಒಂದು ಸುಳ್ಳು ಹೇಳಬಾರದಾ?"

"ಬೇರೆಯವರಿಗಾದ್ರೆ ಹೇಳ್ತಿದ್ದೆ. ನಿನ್ನ ಜೊತೆ ಬಾಳಬೇಕು ಅಂತ ಆಸೆ ನನಗೆ. ಆ ಸುಳ್ಳು ಹೊತ್ತುಕೊಂಡು ಹೆಂಗೆ ಬಾಳಲಿ?"

ಲೀಲ ಜೀಪಿನ ಚಕ್ರಕ್ಕೆ ಒರಗಿ ಕುಸಿದಳು. ಅಣ್ಣ ಸತ್ತ ದಿನವೂ ಅಷ್ಟು ಅತ್ತಿರಲಿಲ್ಲ. ಅವನು ಪಕ್ಕದಲ್ಲಿ ಮಣ್ಣಿನ ಮೇಲೆ ಕೂತ. ಅವಳು ಅತ್ತು ಮುಗಿಯುವವರೆಗೂ ಏಳಲಿಲ್ಲ.

"ಅಮ್ಮಂಗೆ ಹೇಳಬೇಕು," ಎಂದಳು ಕೊನೆಗೆ.

"ನಾನೂ ಬರ್ತೀನಿ."

"ಕೇಳಿ ಅಮ್ಮ ಬಾಗಿಲು ಹಾಕ್ಕೊಂಡ್ರೆ?"

"ಹೊರಗೆ ನಾನಿರ್ತೀನಲ್ಲ."

ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಎದ್ದಳು. ಒಂದು ವರ್ಷದಲ್ಲಿ ಒಮ್ಮೆಯೂ ಅವನ ಹೆಸರು ಹಿಡಿದು ಕರೆದವಳಲ್ಲ. ಈಗ ಅವನ ಮಲಯಾಳಂನಲ್ಲಿ, ಹೆಂಡತಿ ಗಂಡನನ್ನು ಕರೆಯುವಂತೆ ಕರೆದಳು.

"ಬನ್ನಿ, ಅಚ್ಯುತೇಟ್ಟ."