ರತ್ನಮಾಲಾಗೆ ತಂದಿದ್ದ ಉಡಿ

"ಘಟ್ಟದ ಕೆಳಗ ಯಾವಾಕೆರ ಉಡಿ ತುಂಬತೇನಂತ ಬಂದ್ರ ಸೆರಗು ಒಡ್ಡಬ್ಯಾಡ ಬಾಳಿ. ಕುಂಕುಮಾ ಹಚ್ಚಿಸಿಕೋ, ಕೈ ಮುಗಿ, ಹೊಳ್ಳಿ ಬಾ. ಉಡಿ ಮಾತ್ರ ಬ್ಯಾಡ."

ಗಡಹಿಂಗ್ಲಜದ ತವರುಮನೆಯ ಪಡಸಾಲೆಯಲ್ಲಿ ಚಿಕ್ಕವ್ವ ಗುರುಸಿದ್ದವ್ವ ಹೀಗೆಂದಾಗ ಬಾಳಕ್ಕ ಕಿಸಕ್ಕನೆ ನಕ್ಕಳು. ಮುತ್ತೈದೆಯೊಬ್ಬಳು ಉಡಿ ತುಂಬಲು ಬಂದರೆ ಒಲ್ಲೆ ಎನ್ನುವವಳು ಈ ಸೀಮೆಯಲ್ಲಿ ಹುಟ್ಟಿಲ್ಲ. ಅಕ್ಕಿ, ತೆಂಗಿನಕಾಯಿ, ರವಿಕೆಯ ಖಣ ಸೆರಗಿಗೆ ಬಿದ್ದರೆ ಗಂಡನ ಆಯುಷ್ಯ ಬೆಳೆಯಿತೆಂದು ತಿಳಿಯುವ ಹೆಂಗಸರಿಗೆ ಇದೆಂಥ ಬುದ್ಧಿಮಾತು!

"ನಗಬ್ಯಾಡ," ಎಂದಳು ಗುರುಸಿದ್ದವ್ವ. "ನಿಮ್ಮ ಕಾಕಾ ಬೆಲ್ಲದ ಗಾಡಿ ಹೊಡಕೊಂಡು ವೆಂಗುರ್ಲಾ ಬಂದರಕ್ಕ ಹೋಗತಿದ್ರು. ಅಲ್ಲೆ ಒಬ್ಬಾಕಿ ಅದಾಳಂತ. ಗಂಡ ದರ್ಯಾದಾಗ ಮುಳಗಿ ಹ್ವಾದ, ಹೆಣ ಸಿಗಲಿಲ್ಲ. ಮಾಟ ಮಾಡಿಸಿ ಅವನ ಜೀವಾ ಎಳಕೊಂಡು ಬಂದಾಳ. ಜೀವಾ ಬಂತು, ಮೈ ಬರಲಿಲ್ಲ. ಈಗ ಅದನ್ನ ಉಡಿಯೊಳಗ ಹಾಕಿ ಯಾರಿಗರ ದಾಟಸಬೇಕಂತ ಕಾದಾಳ. ಉಡಿ ಹಿಡದಾಕಿ ಗಂಡನ ಮೈಯಾಗ ಅದು ಹೊಕ್ಕೋತೈತಿ."

"ನಮ್ಮವರ ಮೈಯಾಗ ಹೊಕ್ಕರ ಅದಕ್ಕ ಬ್ಯಾಸರಾಗಿ ಸಾಯತೈತಿ ಚಿಕ್ಕವ್ವಾ. ಇವರ ಆ ಮೈಯಾಗ ಇರೂದಿಲ್ಲ, ಮನಸ್ಸು ಸದಾ ನೂಲಿನ ಪ್ಯಾಟ್ಯಾಗ ಇರತೈತಿ!"

ಬಾಳಕ್ಕನ ಅಪ್ಪ ಶಾಲೆಯ ಮಾಸ್ತರ. ದೆವ್ವ ಎಂದ ಹುಡುಗರಿಗೆ ಛಡಿಯ ರುಚಿ ತೋರಿಸುತ್ತಿದ್ದ ಮನುಷ್ಯ. ಅವನ ಮಗಳು ಇಂಥದ್ದಕ್ಕೆ ಹೆದರುವುದುಂಟೆ? ಹೊರಗೆ ಜೀಪಿನ ಹಾರ್ನು ಕೂಗಿತು. ಬಾಳಕ್ಕ ಚಿಕ್ಕವ್ವನ ಕಾಲಿಗೆರಗಿ ಓಡಿದಳು. ಜೀಪಿನ ಮುಂದಿನ ಸೀಟಿನಲ್ಲಿ ರತ್ನಮಾಲಾ ಆಗಲೇ ಕೂತಿದ್ದಳು. ಅವಳನ್ನು ಅಲ್ಲಿ ಕಂಡದ್ದೇ ಬಾಳಕ್ಕನ ನಗು ಆರಿಹೋಯಿತು.

ಚೀನಾದ ಯುದ್ಧ ನಿಂತ ಮೇಲಿನ ಮೊದಲ ಸಂಕ್ರಾಂತಿ ಆಗಷ್ಟೇ ಮುಗಿದಿತ್ತು. ಬಾಳಕ್ಕನ ಗಂಡ ಅಲ್ಲಪ್ಪ, ರತ್ನಮಾಲಾಳ ಗಂಡ ದುಂಡಪ್ಪ ಇಬ್ಬರೂ ಇಚಲಕರಂಜಿಯಲ್ಲಿ ಪಾಲಿನಲ್ಲಿ ನೂಲಿನ ವ್ಯಾಪಾರ ಮಾಡುತ್ತಿದ್ದರು. ಅಲ್ಲೇ ಊರಂಚಿನ ಶಹಾಪುರದಲ್ಲಿ ಎರಡು ಮನೆಗಳಿಗೂ ನಡುವೆ ಒಂದೇ ಗೋಡೆ. ದುಂಡಪ್ಪ ಕೊಲ್ಹಾಪುರದಲ್ಲಿ ಮಿಲಿಟರಿಯ ಹಳೆಯ ಜೀಪೊಂದನ್ನು ಹಿಡಿದು ತಂದದ್ದೇ, ಸಮುದ್ರ ನೋಡಿ ಬರೋಣವೆಂದು ನಾಲ್ವರೂ ಹೊರಟು, ದಾರಿಯಲ್ಲಿ ಗಡಹಿಂಗ್ಲಜದಲ್ಲಿ ನಿಂತಿದ್ದರು.

ಸಮುದ್ರ ಎಂದವಳು ಯಾರು? ರತ್ನಮಾಲಾ. ಆಜರಾದಲ್ಲಿ ಚಹಾ ಬೇಕೆಂದವಳು ಯಾರು? ರತ್ನಮಾಲಾ. ಕೊಲ್ಹಾಪುರದ ಹುಡುಗಿ, ಜಡೆಗೆ ರಿಬ್ಬನ್ನು, ಬಾಯಿ ತೆರೆದರೆ ಮರಾಠಿ ಹಾಡು. ಅವಳ ಹಾಡಿಗೆ ಅಲ್ಲಪ್ಪ ತಲೆ ತೂಗುತ್ತಿದ್ದ, ತೊಡೆಯ ಮೇಲೆ ತಾಳ ಹಾಕುತ್ತಿದ್ದ. ಅಂಬೋಲಿ ಘಾಟಿನ ತಿರುವಿನಲ್ಲಿ ಅವಳಿಗೆ ತಲೆ ಸುತ್ತಿದಾಗ ಮೋಸಂಬಿ ಸುಲಿದು ಎಳೆ ಬಿಡಿಸಿ ಕೊಟ್ಟ. ಮದುವೆಯಾದಂದಿನಿಂದ ಹೆಂಡತಿಗೆ ಒಂದು ಬಾಳೆಹಣ್ಣಾದರೂ ಸುಲಿದು ಕೊಟ್ಟವನಲ್ಲ. ಹಿತ್ತಲ ಗಿಡ ಮದ್ದಲ್ಲ, ಹೌದಪ್ಪಾ ಹೌದು!

ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎನ್ನುತ್ತಾರೆ. ಇರಲಿ. ಆದರೆ ಮೋಸಂಬಿಯ ಸಿಪ್ಪೆ ಬಾಳಕ್ಕನ ಮಡಿಲಿಗೇ ಬಿದ್ದಿತ್ತಲ್ಲ, ಅದು ಸುಳ್ಳೆ? ಹೊಟ್ಟೆಯೊಳಗೆ ಕೆಂಡ ಬಿದ್ದಿತ್ತು. ಅದನ್ನು ಮುಚ್ಚಿಕೊಳ್ಳಲು ಅವಳು ಚಿಕ್ಕವ್ವನ ಉಡಿಯ ಕತೆಯನ್ನು ಎತ್ತಿ, ಗುರುಸಿದ್ದವ್ವನ ಹಾಗೆಯೇ ಗೋಣು ಅಲ್ಲಾಡಿಸಿ ಹೇಳಿದಳು. ಎಲ್ಲರೂ ನಕ್ಕರು.

"ವೈನಿ, ನೀವ ಹುಷಾರಿರ್ರಿ," ಎಂದ ಅಲ್ಲಪ್ಪ ರತ್ನಮಾಲಾಗೆ, ಅತ್ತಿಗೆಯ ಸಲುಗೆಯಿಂದ. "ಆಕಿ ಹುಡುಕಿದ್ರ ನಿಮ್ಮಂಥಾಕೀನ್ನ ಹುಡುಕತಾಳ. ನಮ್ಮಾಕೀನ್ನ ಯಾರು ಮೂಸತಾರ!"

ಚೇಷ್ಟೆಯ ಮಾತು. ಬಾಳಕ್ಕನೂ ನಕ್ಕಳು. ನಗುತ್ತಲೇ ಸೆರಗಿನ ತುದಿಯನ್ನು ಹಲ್ಲಿನಿಂದ ಕಚ್ಚಿ ಹರಿದಳು.

ವೆಂಗುರ್ಲಾ ದಾಟಿ ಮೀನುಗಾರರ ಕೇರಿಯೊಂದರ ಹತ್ತಿರ ಜೀಪು ನಿಂತಾಗ ಹೊತ್ತು ಇಳಿಯುತ್ತಿತ್ತು. ಒಣಮೀನಿನ ನಾತ ಮೂಗಿಗೆ ಹೊಡೆಯಿತು. ಗಾಳಿಮರಗಳು ಒಂದೇ ಸಮ ಹುಂಯ್ ಎನ್ನುತ್ತಿದ್ದವು. ದುಂಡಪ್ಪ ಜೀಪಿನ ನೆರಳಿನಲ್ಲಿ ಮಲಗಿ ಗೊರಕೆ ಹೊಡೆದ. ಅಲ್ಲಪ್ಪ ಧೋತರ ಎತ್ತಿ ಕಟ್ಟಿ ಮೊಣಕಾಲುದ್ದದ ನೀರಿಗೆ ಇಳಿದ. ಹೆಂಗಸರಿಬ್ಬರೂ ಕೇದಗೆಯ ಮೆಳೆಯ ಹತ್ತಿರ ಬಂದರು. ಮೆಳೆಯೊಳಗೆ ಒಂದು ಸಣ್ಣ ಗುಡಿ. ಬಾಗಿಲಿಲ್ಲ, ದೀಪವಿಲ್ಲ. ಒಳಗಿನ ಕತ್ತಲೆಯಿಂದ ಹಳಸಿದ ಎಣ್ಣೆ, ಕೊಳೆತ ಹೂವಿನ ವಾಸನೆ ಬರುತ್ತಿತ್ತು.

ಆ ಕತ್ತಲೆಯಿಂದಲೇ ಅವಳು ಹೊರಬಂದಳು. ಮುದುಕಿ. ಹಣೆಯ ತುಂಬ ಕುಂಕುಮ, ಮೊಣಕೈವರೆಗೆ ಹಸಿರು ಬಳೆ. ಸೀರೆ ಒಣಗಿತ್ತು, ಅಂಚು ಮಾತ್ರ ತೊಟ್ಟಿಕ್ಕುತ್ತಿತ್ತು. ಕೈಯಲ್ಲಿ ಮೊರ. ಮೊರದಲ್ಲಿ ಅಕ್ಕಿ, ಕಾಯಿ, ಖಣ. ಅವಳು ಬಾಳಕ್ಕನನ್ನು ಗೋಡೆಯೆಂಬಂತೆ ದಾಟಿ ನೇರ ರತ್ನಮಾಲಾಳ ಮುಂದೆ ನಿಂತಳು.

"ಘೇ ಗೋ ಬಾಯ. ಪದರ ಪಸರ."

ತಗೋ ತಂಗಿ, ಸೆರಗು ಒಡ್ಡು. ಮಾತು ಬೇರೆಯಾದರೂ ತಿಳಿಯದೆ ಇರುವಂಥದ್ದಲ್ಲ. ರತ್ನಮಾಲಾ ಹಿಂದೆ ಸರಿದಳು. "ವೈನಿ, ನೀವು ಹೇಳಿದ್ರಲ್ಲಾ... ಬ್ಯಾಡ್ರಿ, ಹೋಗೂಣು ಬರ್ರಿ," ಎಂದು ಬಾಳಕ್ಕನ ಕೈ ಹಿಡಿದು ಎಳೆದಳು.

ಬಾಳಕ್ಕನಿಗೆ ಹೆದರಿಕೆ ಬರಲಿಲ್ಲ. ಸಿಟ್ಟು ಬಂತು. ಇಲ್ಲಿಯೂ ಇವಳೇ! ಮುಂದಿನ ಸೀಟು ಇವಳಿಗೆ, ಮೋಸಂಬಿ ಇವಳಿಗೆ, ಕೊನೆಗೆ ಗುರುತು ಪರಿಚಯವಿಲ್ಲದ ಮುದುಕಿಯ ಉಡಿಯೂ ಇವಳಿಗೇ? ನಾನೇನು ಮುತ್ತೈದೆಯಲ್ಲವೆ? ಅವಳು ರತ್ನಮಾಲಾಳನ್ನು ಭುಜದಿಂದ ಪಕ್ಕಕ್ಕೆ ತಳ್ಳಿ ಮುಂದೆ ನಿಂತು ಸೆರಗು ಒಡ್ಡಿದಳು.

ಮುದುಕಿ ಒಂದು ಕ್ಷಣ ಅವಳ ಮುಖ ನೋಡಿದಳು. ಆಮೇಲೆ ಮೆಲ್ಲಗೆ ಕೇಳಿದಳು. "ತುಜೊ ಘೋವ ಖಂಯಚೊ?"

ನಿನ್ನ ಗಂಡ ಯಾರು?

ಬಾಳಕ್ಕ ನೀರಿನಲ್ಲಿ ನಿಂತವನ ಕಡೆಗೆ ಬೆರಳು ಮಾಡಿ ತೋರಿಸಿದಳು.

ಅಕ್ಕಿ ಸೆರಗಿಗೆ ಬಿತ್ತು. ಕಾಯಿ ಬಿತ್ತು. ಭಾರಕ್ಕೆ ಅವಳ ಹೆಗಲು ಜಗ್ಗಿತು. ಮುದುಕಿ ಮೊರ ಚೆಲ್ಲಿ ದಂಡೆಗೆ ಓಡಿದಳು, ಉಪ್ಪುನೀರಿನಿಂದ ಹಣೆ ತಿಕ್ಕಿ ತಿಕ್ಕಿ ತೊಳೆದಳು, ಬಳೆಗಳನ್ನು ಕಲ್ಲಿಗೆ ಬಡಿದು ಒಡೆದಳು. ಹಿಂತಿರುಗಿ ನೋಡದೆ ನಡೆದುಹೋದಳು. ಆಗಲೇ ಒಂದು ತೆರೆ ಎದ್ದಿತು. ಅಲ್ಲಪ್ಪ ಮುಳುಗಿದ. ತೆರೆ ಹಿಂದೆ ಸರಿಯಿತು. ಅಲ್ಲಪ್ಪ ಎದ್ದು ನಿಂತ. ಮೂಗು ಸೀನಲಿಲ್ಲ, ಕಣ್ಣು ಒರೆಸಲಿಲ್ಲ. ತಿರುಗಿ ಬಾಳಕ್ಕನನ್ನು ನೋಡಿದ.

ಬರುವಾಗ ದಾರಿಯುದ್ದಕ್ಕೂ ಅವನು ಅವಳನ್ನೇ ನೋಡಿದ. ರತ್ನಮಾಲಾ ಹಾಡಿದಳು, ಅವನ ತಲೆ ತೂಗಲಿಲ್ಲ. ಎಳನೀರು ಕೊಂಡರೆ ತನ್ನದನ್ನೂ ಬಾಳಕ್ಕನ ಕೈಗೆ ಕೊಟ್ಟ. ಬಾಳಕ್ಕನ ಜೀವ ಹೂವಾಯಿತು. ಚಿಕ್ಕವ್ವನ ಮಾತು ನೆನಪಾಗಲಿಲ್ಲವೆಂದಲ್ಲ. ನೆನಪಾಯಿತು, ಅವಳು ಅದನ್ನು ಒದ್ದು ದೂರ ಮಾಡಿದಳು. ಬೇಡಿದ್ದು ಸಿಕ್ಕವರು ಎಲ್ಲಿಂದ ಬಂತೆಂದು ಕೇಳುವುದಿಲ್ಲ.

ಶಹಾಪುರದ ಹೆಂಗಸರು ನೋಡಿದರು, ಗಲ್ಲಕ್ಕೆ ಕೈ ಹಚ್ಚಿದರು. ಅಂಗಡಿ ಬಿಟ್ಟು ಹೆಂಡತಿಯ ಒಲೆಯ ಮುಂದೆ ಕೂಡುವ ಗಂಡ! ಅವಳು ನೀರಿಗೆ ಹೋದರೆ ಹಿಂದೆ, ಹಿತ್ತಲಿಗೆ ಹೋದರೆ ಹಿಂದೆ. ನೂಲಿನ ಭಾವ ಕೇಳಲು ಬಂದ ದುಂಡಪ್ಪನಿಗೆ ಬೆನ್ನು ಮಾಡಿ ಹೆಂಡತಿಯನ್ನೇ ನೋಡುತ್ತ ಕೂತ. ಮೊದಮೊದಲು ಬಾಳಕ್ಕ ನಾಚಿದಳು, ಬೀಗಿದಳು. ಆಮೇಲೆ ಒಂದೊಂದೇ ಕಣ್ಣಿಗೆ ಬಿದ್ದವು. ಅವನು ಕಣ್ಣು ಮಿಟುಕಿಸುತ್ತಿರಲಿಲ್ಲ. ಬೆಳಿಗ್ಗೆ ಅವನ ಹಾಸಿಗೆ ಹಿಂಡಿದರೆ ನೀರು ಬರುವಷ್ಟು ಒದ್ದೆ. ಲಿಂಗವಂತರ ಮನೆಯಲ್ಲಿ ಮೀನಿನ ವಾಸನೆ, ಊದಿನಕಡ್ಡಿ ಹಚ್ಚಿದರೂ ಹೋಗದು. ಕೊರಳಲ್ಲಿ ಹುಟ್ಟಿದಂದಿನಿಂದ ಇದ್ದ ಲಿಂಗದ ಕರಡಿಗೆಯನ್ನು ಬಿಚ್ಚಿ ಗೂಟಕ್ಕೆ ಹಾಕಿದ್ದ. ಅವಳು ಮತ್ತೆ ಕೊರಳಿಗೆ ಕಟ್ಟಲು ಹೋದರೆ ಅವನ ಚರ್ಮ ತಣ್ಣಗೆ ಜಾರಿತು.

ಒಂದು ಸಂಜೆ ಕರೆಂಟು ಹೋಯಿತು. ಹಗಲೂ ಇರುಳೂ ಖಟಪಟ ಎನ್ನುವ ಶಹಾಪುರದ ಮಗ್ಗಗಳೆಲ್ಲ ಒಮ್ಮೆಲೇ ನಿಂತವು. ಆ ಸದ್ದಿನಲ್ಲೇ ಬದುಕಿದವರಿಗೆ ಅದು ನಿಂತರೆ ಕಿವಿ ನೋಯುತ್ತದೆ. ಬಾಳಕ್ಕ ಕಡ್ಡಿಪೆಟ್ಟಿಗೆಗೆ ತಡಕಾಡಿದಳು. ಆಗ ಕೇಳಿಸಿತು.

ತೊಟ್. ತೊಟ್. ನೀರು ತೊಟ್ಟಿಕ್ಕುವ ಸದ್ದು. ಅವಳ ಹಿಂದೆ.

"ಖಂಯ ಗೆಲ್ಲಂಸ ಗೋ?"

ಎಲ್ಲಿ ಹೋಗಿದ್ದೆಯೆ? ಅಲ್ಲಪ್ಪನಿಗೆ ಬಾರದ ಭಾಷೆ. ಅಲ್ಲಪ್ಪನದಲ್ಲದ ದನಿ. ಅವಳು ಕಡ್ಡಿ ಗೀರಿದಳು. ಹತ್ತಲಿಲ್ಲ. ಪೆಟ್ಟಿಗೆ ಒದ್ದೆ. ಇನ್ನೊಂದು. ಹತ್ತಲಿಲ್ಲ. ಕೊರಳಿಗೆ ಉಪ್ಪಿನ ಉಸಿರು ತಾಗಿತು. ಕಾಲ ಕೆಳಗೆ ನೀರು. ತಣ್ಣಗೆ. ಅವಳು ಕೂಗಲು ಬಾಯಿ ತೆರೆದಳು. ಅಷ್ಟರಲ್ಲಿ ಅವನ ಎದೆಯೊಳಗಿಂದ, ಬಾವಿಯ ತಳದಿಂದ ಬಂದಂತೆ, ಇನ್ನೊಂದು ದನಿ.

"ಬಾಳಿ... ನಾ ಇಲ್ಲೆ ಅದೇನಿ... ಭಾಳ ನೀರೈತಿ... ಮ್ಯಾಲ ತಗೀ ನನ್ನ..."

ಅದು ಅಲ್ಲಪ್ಪ. ಅವಳ ಅಲ್ಲಪ್ಪ.

ಕರೆಂಟು ಬಂತು. ಮಗ್ಗಗಳು ಮತ್ತೆ ಖಟಪಟ ಎಂದವು. ಅವನು ಬಾಗಿಲ ಬಳಿ ಕೂತು ಅವಳನ್ನೇ ನೋಡುತ್ತಿದ್ದ.

ಮರುದಿನ ಮೊದಲ ಬಸ್ಸಿಗೆ ಅವಳು ಗಡಹಿಂಗ್ಲಜಕ್ಕೆ ಓಡಿದಳು. ಅವನು ಬಸ್ಸಿನ ಹಿಂದೆ ಬರಿಗಾಲಲ್ಲಿ ಬಹಳ ದೂರ ನಡೆದು ಬಂದ. ಗುರುಸಿದ್ದವ್ವ ಎಲ್ಲ ಕೇಳಿದಳು. ಬಯ್ಯಲಿಲ್ಲ. ಅದೇ ಬಾಳಕ್ಕನಿಗೆ ಹೆಚ್ಚು ಹೆದರಿಕೆ ತಂದಿತು.

"ಹೊಳ್ಳಿ ಕೊಡೂ ಹಂಗಿಲ್ಲವ್ವಾ. ಆ ಮುದಕಿ ಇನ್ನ ಮುತ್ತೈದಿ ಅಲ್ಲ. ದಾಟಸಬೇಕಂದ್ರ ಒಂದ ದಾರಿ. ಯಾರಿಗೆ ಬಂದ ಉಡಿ ಅದು?"

"ರತ್ನಾಗ."

"ಹಂಗಾರ ಆಕೀಗೇ ಉಡಿ ತುಂಬು. ಆಕಿ ತಾನಾಗಿ ಸೆರಗು ಒಡ್ಡಬೇಕು. ಅದು ಆಕೀ ಗಂಡಗ ಹೊಕ್ಕೋತೈತಿ. ನಿನ್ನ ಗಂಡ ನಿನಗ ಸಿಗತಾನ." ಗುರುಸಿದ್ದವ್ವ ಕಣ್ಣು ಒರೆಸಿಕೊಂಡಳು. "ಮಾಡು ಅಂತ ನಾ ಹೇಳೂದಿಲ್ಲ. ದಾರಿ ಕೇಳಿದಿ, ಹೇಳೇನಿ."

ಶ್ರಾವಣದ ಶುಕ್ರವಾರ ಬಾಳಕ್ಕ ತಾಟು ಸಿದ್ಧಮಾಡಿದಳು. ಖಣ ಮಡಚಿಟ್ಟಳು. ದುಂಡಪ್ಪನ ಗತಿ ಏನು ಎಂದು ಮನಸ್ಸಿಗೆ ಬಂತು, ಅದನ್ನೂ ನುಂಗಿದಳು. ಕರೆದ ಕೂಡಲೇ ರತ್ನಮಾಲಾ ಬಂದಳು. ಸಮುದ್ರದ ದಂಡೆಯದನ್ನು ಅವಳು ಎಂದೋ ಮರೆತಿದ್ದಳು. ನೆರೆಮನೆಯ ವೈನಿ ಉಡಿ ತುಂಬಿದರೆ ಅಂಜುವುದೇನು? ಬಾಗಿಲ ಬಳಿ ಕೂತವನನ್ನು ಕಂಡು ನಕ್ಕಳು.

"ಪುಣ್ಯಾ ಮಾಡೀರಿ ವೈನಿ. ನಮ್ಮವರು ನನ್ನ ಮಾರಿ ನೋಡಿ ವರ್ಸಾತು. ನಿಮ್ಮನಿಯವರನ್ನ ನೋಡ್ರಿ! ಮೊದಲ ಅಲ್ಲಪ್ಪಣ್ಣಾರು ನಾ ಬಂದ್ರ 'ವೈನಿ, ಒಂದ ಹಾಡು' ಅಂತಿದ್ರು. ಈಗ ನಾ ಬಂದದ್ದೂ ಕಾಣೂದಿಲ್ಲ ಅವರಿಗೆ." ನಗುತ್ತಲೇ ಇದ್ದಳು, ಕಣ್ಣಲ್ಲಿ ನೀರಿತ್ತು. "ಖರೇ ಹೇಳತೇನಿ, ನಿಮ್ಮನ್ನ ನೋಡಿದ್ರ ಹೊಟ್ಟಿ ಉರಿತೈತಿ."

ಅವಳು ಸೆರಗು ಬಿಚ್ಚಿ ಒಡ್ಡಿದಳು.

ಬಾಳಕ್ಕ ತೆಂಗಿನಕಾಯಿ ಎತ್ತಿದಳು. ಇನ್ನೊಂದು ಕ್ಷಣ. ಕಾಯಿ ಬಿದ್ದರೆ ಅಲ್ಲಪ್ಪ ಬರುತ್ತಾನೆ. ಕಣ್ಣು ಉಜ್ಜಿಕೊಳ್ಳುತ್ತಾನೆ. ಲಿಂಗ ಕಟ್ಟಿಕೊಳ್ಳುತ್ತಾನೆ. ಆಮೇಲೆ? ಎದುರಿಗೆ ನಿಂತ ರತ್ನಮಾಲಾಳನ್ನು ನೋಡುತ್ತಾನೆ. "ಯಾವಾಗ ಬಂದ್ರಿ ವೈನಿ, ಒಂದ ಹಾಡು ಅನ್ರಲ್ಲಾ," ಎನ್ನುತ್ತಾನೆ. ತಲೆ ತೂಗುತ್ತಾನೆ. ಬಾಳಕ್ಕ ಒಳಗೆ ಹೋಗಿ ಚಹಾ ಕಾಯಿಸಬೇಕು.

ಕೈ ನಿಂತಿತು. ಪಾಪದ ಭಯಕ್ಕೆ ನಿಂತಿತೆಂದು ತಿಳಿದರೆ ನೀವು ಬಹಳ ಒಳ್ಳೆಯವರು.

"ಬಾಳಿ..." ಬಾಗಿಲ ಕಡೆಯಿಂದ ಬಂತು ದನಿ. ಬಾವಿಯ ತಳದ ದನಿ. "ಬಾಳಿ, ಲಗೂ ಮಾಡ... ಉಸರು ಹಿಡದೇನಿ..."

ಮಗ್ಗದ ಸದ್ದಿನಲ್ಲಿ ರತ್ನಮಾಲಾಗೆ ಅದು ಕೇಳಿಸಲಿಲ್ಲ. ಬಾಳಕ್ಕನಿಗೆ ಅಕ್ಷರ ಅಕ್ಷರವೂ ಕೇಳಿಸಿತು.

"ಖಣ ಮಾಸೇತಿ ರತ್ನಾ," ಎಂದಳು ಅವಳು, ಕಾಯಿಯನ್ನು ತಾಟಿಗೆ ಇಟ್ಟು. "ಇವತ್ತ ಬ್ಯಾಡ. ಮತ್ತ ಯಾವಾಗರ ತುಂಬತೇನಿ. ನೀ ಹೋಗು."

ರತ್ನಮಾಲಾ ಮುಖ ಸಣ್ಣದು ಮಾಡಿಕೊಂಡು ಸೆರಗು ಹೊದ್ದು ಹೊರಟುಹೋದಳು. ಬಾಳಕ್ಕ ಬಾಗಿಲು ಹಾಕಿ ಅಗಳಿ ಜಡಿದಳು. ಒಳಗಿನ ದನಿ ಇನ್ನೂ ಸ್ವಲ್ಪ ಹೊತ್ತು ಅವಳ ಹೆಸರು ಹಿಡಿದು ಕರೆಯಿತು. ಗುಳು ಗುಳು ಎಂದಿತು. ಆಮೇಲೆ ನಿಂತುಹೋಯಿತು. ಬಾಳಕ್ಕ ಕನ್ನಡಿಯಲ್ಲಿ ನೋಡಿ ಕುಂಕುಮ ಸರಿಮಾಡಿಕೊಂಡಳು, ಒದ್ದೆ ನೆಲದ ಮೇಲೆ ಅವನ ಎದುರಿಗೆ ಬಂದು ಕೂತಳು. ಅವನು ರೆಪ್ಪೆ ಮಿಟುಕಿಸದೆ ಅವಳನ್ನೇ ನೋಡುತ್ತಿದ್ದ.