ಗುಬ್ಬಿಯ ಕಾಲಿನ ನೀಲಿ ದಾರ

ಬಟ್ಟೆ ಹೊಲಿಯುವುದು ನನ್ನ ಕೆಲಸ. ಈಗ ಹೇಳುವ ಗುಬ್ಬಿಯ ಸಂಗತಿಯನ್ನು ಮನೆಯಲ್ಲೂ ಹೇಳಿಲ್ಲ, ನಾಚಿಕೆ ಬಿಡಲಿಲ್ಲ.

ನನ್ನ ಹೊಲಿಗೆ ಅಂಗಡಿಯ ಮೇಲಿನ ಮನೆಯ ಮುದುಕ ಮೇಷ್ಟ್ರು ಕಾಲು ಮುರಿದ ಗುಬ್ಬಿಯೊಂದನ್ನು ತಂದುಕೊಟ್ಟು, "ನನ್ನ ಕೈ ನಡುಗುತ್ತೆ, ನೀನೇ ನೋಡ್ಕೋ ಮಗಳೇ" ಅಂದರು. ಅವರು ಹೋದ ಮೇಲೆ ಅದರ ಕಾಲಿಗೆ ಕಡ್ಡಿಯಿಟ್ಟು ನೀಲಿ ದಾರದಲ್ಲಿ ಕಟ್ಟಿದೆ. ಚಪ್ಪಲಿ ಡಬ್ಬದ ಮುಚ್ಚಳಕ್ಕೆ ಗಾಳಿಯಾಡಲೆಂದು ತೂತು ಮಾಡಿ, ಗುಬ್ಬಿಯನ್ನು ಡಬ್ಬದೊಳಗೆ ಮಲಗಿಸಿ, ಇಸ್ತ್ರಿ ಮೇಜಿನ ಕೆಳಗಿಟ್ಟೆ. ಅವತ್ತು ಕೆಲಸ ತಲೆಮೇಲಿತ್ತು. ಹೊಲಿದ ಅಂಗಿಗಳನ್ನೆಲ್ಲ ಆ ಡಬ್ಬದ ಮೇಲೆಯೇ ಒಟ್ಟಿದೆ. ಒಳಗೆ ಪರಪರ ಕೆರೆಯುವುದು ಕೇಳಿಸಿತು. ಕೇಳಿಸಲಿಲ್ಲ ಅಂತ ಸುಳ್ಳು ಹೇಳಲಾರೆ. ಇದೊಂದು ತೋಳು ಮುಗಿಸಿ ಏಳೋಣ ಅಂದುಕೊಂಡೆ. ಎದ್ದಾಗ ಗುಬ್ಬಿ ಸತ್ತಿತ್ತು.

ದಾರದ ಸಮೇತ ಹಿತ್ತಲಲ್ಲಿ ಹೂತೆ. "ಹಾರಿಹೋಯ್ತು ಮೇಷ್ಟ್ರೇ" ಅಂದಾಗ ಅವರು ಮಗುವಿನ ಹಾಗೆ ನಕ್ಕರು.

ಮರುದಿನದಿಂದ ಮೆಷಿನ್ ತುಳಿದಾಗೆಲ್ಲ ಮೇಜಿನ ಕೆಳಗೆ ಪರಪರ. ನಾನು ನಿಲ್ಲಿಸಿದರೆ ಅದೂ ನಿಲ್ಲುತ್ತಿತ್ತು. ರಾಶಿಯ ಅಡಿಯ ಅಂಗಿ ಮಾತ್ರ, ಇಸ್ತ್ರಿ ತಾಗದಿದ್ದರೂ, ಬೆಚ್ಚಗಿರುತ್ತಿತ್ತು.

ಎಂಟನೇ ದಿನ ಮಧ್ಯಾಹ್ನ ಮೇಷ್ಟ್ರು ಇಳಿದು ಬಂದರು. "ನಿನ್ನ ಗುಬ್ಬಿ ನಮ್ಮ ಕಿಟಕಿಗೆ ಬಂದಿತ್ತು ಕಣಮ್ಮ. ಕಾಲು ಕೂಡಿದೆ. ಕಟ್ಟು ನಾನೇ ಬಿಚ್ಚಿದೆ, ಕೈ ಒಂಚೂರೂ ನಡುಗಲಿಲ್ಲ ನೋಡು. ಎಷ್ಟು ಚೆನ್ನಾಗಿ ನೋಡ್ಕೊಂಡಿದ್ದೀಯ."

ಕಟ್ಟು ಕಟ್ಟಿದ್ದನ್ನು ನಾನು ಅವರಿಗೆ ಹೇಳಿಯೇ ಇರಲಿಲ್ಲ. ಅವರ ಅಂಗೈಯಲ್ಲಿ ನೀಲಿ ದಾರವಿತ್ತು. ಅದಕ್ಕೆ ಮಣ್ಣು ಮೆತ್ತಿತ್ತು.

ಆಗಲಾದರೂ ನಿಜ ಹೇಳಬಹುದಿತ್ತು. "ಹೌದು ಮೇಷ್ಟ್ರೇ, ನನ್ನದೇ ದಾರ" ಅಂದು ತಲೆ ತಗ್ಗಿಸಿ ಕೈಚಾಚಿದೆ.

ದಾರ ಬೆಚ್ಚಗಿತ್ತು.