ಕಲ್ಲಿನ ಕೊನೆಯ ಸಾಲು

ಮಧ್ಯಾಹ್ನ ಎರಡಕ್ಕೆ ಕಾವಲುಗಾರ ಆರುಮುಗಂ ಊಟ ಮುಗಿಸಿ ಬಂದು ಬಾಗಿಲು ತೆರೆದ. ವೀರಗಲ್ಲಿನ ಬುಡದಲ್ಲಿ ಕಲ್ಲಿನ ಪುಡಿ ಚೆಲ್ಲಿತ್ತು. ಕೆಳಗಿನ ಪಟ್ಟಿಯ ಅಕ್ಷರಗಳನ್ನೆಲ್ಲ ಯಾರೋ ಉಳಿಯಿಂದ ಕೆತ್ತಿ ಅಳಿಸಿದ್ದರು.

೧೯೩೬ನೇ ಇಸವಿ. ಊರಿಗಾಂನ ಪ್ರಾಚೀನ ವಸ್ತು ಸಂಘದ ಮೊದಲ ಪ್ರದರ್ಶನ. ನಾಲ್ಕು ಗಂಟೆಗೆ ತಾಲ್ಲೂಕಿನ ಅಮಲ್ದಾರರು ಬಂದು, ಸಂಘದ ಸಿಬ್ಬಂದಿಯ ಪರಿಚಯ ಮಾಡಿಕೊಂಡು, ಬೂದಿಕೋಟೆಯಿಂದ ತಂದಿದ್ದ ಈ ಕಲ್ಲನ್ನು ನೋಡುವವರಿದ್ದರು.

ಸಬ್ ಇನ್ಸ್‌ಪೆಕ್ಟರ್ ಕೋದಂಡಪ್ಪ ಬರುವಷ್ಟರಲ್ಲಿ ಕಾರ್ಯದರ್ಶಿ ಆದಿನಾರಾಯಣ ತೀರ್ಪು ಕೊಟ್ಟಾಗಿತ್ತು.

"ಉಳಿ ಈ ಆರುಮುಗಂನದು. ಗಣಿಯಲ್ಲಿದ್ದಾಗಿನದು. ಎಳೆದುಕೊಂಡು ಹೋಗಿ."

"ಬಾಗಿಲ ಹಿಂದೇನೇ ಇಟ್ಟಿರ್ತೀನಿ ಸಾರ್. ಯಾರ್ ಬೇಕಾದ್ರೂ ತಗೋಬೋದು," ಎಂದ ಆರುಮುಗಂ. ಬಡವನನ್ನು ಅನುಮಾನಿಸಲು ಸಾಕ್ಷಿ ಯಾರಿಗೆ ಬೇಕು!

ಕೂಲಿ ಮಾಡುವ ಮುನಿಶಾಮಮ್ಮ ಹೊಸ್ತಿಲಲ್ಲೇ ಕುಸಿದು ಕೂತಿದ್ದಳು. ಅವಳ ವಂಶದವರು ಪೂಜಿಸಿಕೊಂಡು ಬಂದ ಕಲ್ಲು ಅದು.

"ಕೆರೆ ತೂಬಿನ ಕೆಳಗಿನ ಗದ್ದೆ ನಮ್ದು ಅಂತ ಇದ್ರಾಗೆ ಬರ್ದೈತಂತೆ ಸಾಮಿ. ಅಮಲ್ದಾರ್ರು ಇವತ್ತು ಕಣ್ಣಾರೆ ನೋಡ್ತೀನಿ ಅಂದಿದ್ರು. ಇನ್ನೇನೈತೆ?"

"ಗದ್ದೆ ಕಿತ್ತುಕೊಂಡವರು ಯಾರಮ್ಮ?"

"ದೊಡ್ಡೋರು ಸಾಮಿ. ಎಸ್ರು ಎಂಗೇಳಲಿ?" ಅವಳು ತಲೆ ತಗ್ಗಿಸಿದಳು.

* * *

ಪ್ರದರ್ಶನದಲ್ಲಿ ಜನರಿಗೆ ವಿವರಣೆ ಕೊಡುವವರು ವೆಂಕಟರತ್ನಮ್ಮ, ಶಾಲೆಯ ಉಪಾಧ್ಯಾಯಿನಿ. ಕೋದಂಡಪ್ಪ ಅವರನ್ನು ಪಕ್ಕಕ್ಕೆ ಕರೆದರು.

"ಹಳೆಯ ಲಿಪಿ ಓದಿದವರು ನೀವು. ಯಾರಿಗೆಲ್ಲ ಹೇಳಿದ್ದಿರಿ?"

"ನಿನ್ನೆ ಕಾಫಿ ಹೊತ್ತಿನಲ್ಲಿ ಎಲ್ಲರಿಗೂ. ಕೊನೆಯ ಸಾಲಿನಲ್ಲಿ ಗದ್ದೆಯ ದಾನ ಇದೆ ಅಂದೆ." ಆಕೆ ದನಿ ತಗ್ಗಿಸಿ ಇನ್ನೊಂದು ಮಾತು ಹೇಳಿದರು. ಕೋದಂಡಪ್ಪನವರ ಮುಖ ಬದಲಾಯಿತು.

* * *

ಕೋದಂಡಪ್ಪ ಒಬ್ಬೊಬ್ಬರನ್ನೇ ಒಳಗೆ ಕರೆದು ಕೇಳಿದರು. ಮೊದಲು ಬಚ್ಚಪ್ಪನನ್ನು. ಶಾಸನದ ಮೇಲೆ ಒದ್ದೆ ಕಾಗದ ಬಡಿದು ಅಚ್ಚು ತೆಗೆಯುವವನು. ಅಂಗಿಯ ತುಂಬ ಕಲ್ಲಿನ ಧೂಳು.

"ದಿನಾ ಕಲ್ ಉಜ್ಜೋನು ನಾನು. ಧೂಳಿಲ್ದೆ ಇರ್ತದಾ ಸೋಮಿ?"

"ಕೊನೆಯ ಸಾಲು ತೋರಿಸು."

ಬಚ್ಚಪ್ಪ ಕಲ್ಲಿನ ನೆತ್ತಿಗೆ ಬೆರಳಿಟ್ಟ.

ಆರುಮುಗಂ ಕೂಡ ಅಲ್ಲಿಗೇ ಬೆರಳಿಟ್ಟ. "ವೀರಗಲ್ಲನ್ನ ಕೆಳಗಿಂದ ಓದ್ಬೇಕು ಸಾರ್. ಟೀಚರಮ್ಮ ವಾರದಿಂದ ಹೇಳ್ತಾ ಅವ್ರೆ. ಕೆಳಗೆ ಕಾಳಗ, ಸಾವು. ನಡುವೆ ಅಪ್ಸರೇರು ಎತ್ಕೊಂಡು ಓಗ್ತಾರೆ. ಮೇಲೆ ಕೈಲಾಸ. ನಮ್ಮ ಗಣೀಲೂ ಅಂಗೇ ಸಾರ್. ಕೆಳಗಿಂದ ಮೇಲಕ್ಕೆ ಬಂದ್ರೇನೇ ಮನೆ."

ಕೊನೆಗೆ ಆದಿನಾರಾಯಣ. ಅವರು ಬಗ್ಗಿ ಕೆತ್ತಿಹೋದ ಪಟ್ಟಿ ತೋರಿಸಿದರು. "ಇದೇ. ಅಯ್ಯೋ, ಗದ್ದೆಯ ಸಾಲೇ ಹೋಯಿತಲ್ಲ!"

"ಹೋದದ್ದು ಮೊದಲ ಸಾಲು," ಎಂದರು ಕೋದಂಡಪ್ಪ. "ಗದ್ದೆಯ ಸಾಲು ಮೇಲೆ ಭದ್ರವಾಗಿದೆ. ಕೆತ್ತಿದವನು ದಿನಾ ಈ ಕಲ್ಲಿನ ಹತ್ತಿರ ಕೆಲಸ ಮಾಡುವವನಲ್ಲ. ವಿವರಣೆಯನ್ನು ಒಂದು ದಿನವೂ ನಿಂತು ಕೇಳದವನು. ಇಷ್ಟು ಕೆಳಗೆ ಕೆತ್ತಬೇಕಾದರೆ ಮೊಣಕೈ ಊರಿ ಮಲಗಿರಬೇಕು."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡನಂತೆ. ಆದಿನಾರಾಯಣರ ಕೈ ತಾನಾಗಿ ಮೊಣಕೈ ಒರೆಸಿತು. ಕರಿ ಕೋಟಿನ ಎರಡು ಮೊಣಕೈಗಳಲ್ಲೂ ಬಿಳಿ ಪುಡಿ ಅಂಟಿತ್ತು.

ಕೋದಂಡಪ್ಪ ಹೊಸ್ತಿಲಿನತ್ತ ತಿರುಗಿದರು. "ಗದ್ದೆ ಯಾರ ವಶದಲ್ಲಿದೆ ಅಂತ ಈಗ ಹೇಳಮ್ಮ."

"ಇವರ್ದೇ ಸಾಮಿ," ಎಂದಳು ಮುನಿಶಾಮಮ್ಮ, ಈ ಸಲ ತಲೆ ಎತ್ತಿ.

ಆದಿನಾರಾಯಣ ಬೆಂಚಿನ ಮೇಲೆ ಕೂತರು. "ಹೆಸರು ಬರಲೆಂದು ನಾನೇ ಕಲ್ಲು ತರಿಸಿದೆ. ಅದರಲ್ಲಿ ಏನಿದೆ ಅಂತ ಯಾರಿಗೆ ಗೊತ್ತಿತ್ತು?"

* * *

ನಾಲ್ಕಕ್ಕೆ ಅಮಲ್ದಾರರು ಬಂದರು. ಕಾರ್ಯದರ್ಶಿಯ ಪರಿಚಯ ಭಾಷಣ ಮೇಜಿನ ಮೇಲಿತ್ತು. ಎರಡು ಪುಟ ಕಾರ್ಯದರ್ಶಿಯ ಸ್ವಂತ ಹೊಗಳಿಕೆ. ವೆಂಕಟರತ್ನಮ್ಮ, ಬಚ್ಚಪ್ಪ ಒಂದೊಂದು ಸಾಲು. ಆರುಮುಗಂನ ಹೆಸರೇ ಇರಲಿಲ್ಲ.

ವೆಂಕಟರತ್ನಮ್ಮ ಆ ಹಾಳೆಗಳನ್ನು ಮಡಿಸಿಟ್ಟರು.

"ಇವರು ಆರುಮುಗಂ. ನಮ್ಮ ಸಂಘದವರು. ಇವತ್ತು ಕಲ್ಲಿನ ವಿವರಣೆ ಇವರದು."

ಆರುಮುಗಂ ಮುಂದೆ ಬಂದ. ಮುನಿಶಾಮಮ್ಮನನ್ನು ಕರೆದು ಹತ್ತಿರ ನಿಲ್ಲಿಸಿಕೊಂಡ. ಆಮೇಲೆ ಮಂಡಿಯೂರಿ, ಅಕ್ಷರ ಅಳಿದ ಆ ಪಟ್ಟಿಯ ಮೇಲೆ ಕೈಯಿಟ್ಟು, ಕೆಳಗಿನಿಂದ ಶುರು ಮಾಡಿದ.